ಕುಂಡದ ಗಿಡ, ಹಡಗಿನ ಗಿಡ

ಕಳೆದ ಶ್ರಾವಣದಲ್ಲಿ ನಮ್ಮ ಮನೆಯ ತುಳಸಿ ಸತ್ತಿತು. ಪತ್ರಿಕೆಗೆ ಬರೆಯುವಂಥ ಸುದ್ದಿಯೇನೂ ಅಲ್ಲ. ಬೆಂಗಳೂರಿನ ಮಹಡಿ ಮನೆಗಳ ಮೊಗಸಾಲೆಗಳಲ್ಲಿ ದಿನಕ್ಕೆ ಎಷ್ಟು ತುಳಸಿ ಒಣಗುತ್ತವೆಯೋ, ಲೆಕ್ಕವಿಟ್ಟವರಾರು? ಆದರೆ ಇದು ಊರಿನ ಮನೆಯ ತುಳಸಿ. ತಾಯಿಯವರು ತೀರಿಕೊಂಡ ಮೇಲೆ ಮನೆಯನ್ನು ಮಾರಿದೆವು. ಕೊಂಡವರು ಅಂಗಳದ ಕಟ್ಟೆಯನ್ನು ಕೆಡವುವ ಮೊದಲು ನನ್ನ ಅಕ್ಕ ಅದರಲ್ಲಿದ್ದ ಗಿಡವನ್ನು ಮಣ್ಣು ಉದುರದಂತೆ ಎತ್ತಿ, ಗೋಣಿಚೀಲದ ತುಂಡಿನಲ್ಲಿ ಸುತ್ತಿ, ಬಸ್ಸು ಹೊರಡುವಾಗ ನನ್ನ ತೊಡೆಯ ಮೇಲಿಟ್ಟಳು. “ನೀರು ಹಾಕೋದು ಮರೀಬೇಡ ಕಣೋ” ಎಂದಳು. ನಾನು ಮರೆಯಲಿಲ್ಲ. ಬಂದ ಅನರ್ಥವೆಲ್ಲ ಅದರಿಂದಲೇ.

ಕನ್ನಡ ಮೇಷ್ಟರಾದ ನನಗೆ ಗಿಡಮರಗಳ ಪರಿಚಯ ಆದದ್ದು ಕಾವ್ಯಗಳ ಮೂಲಕ. ಹದಿನೆಂಟು ವರ್ಣನೆಗಳಲ್ಲಿ ಉಪವನಕ್ಕೂ ಒಂದು ಸ್ಥಾನವುಂಟಷ್ಟೆ. ಅಲ್ಲಿ ಮಾವು ಚಿಗುರುತ್ತದೆ, ಮಲ್ಲಿಗೆ ಬಿರಿಯುತ್ತದೆ. ಅವಕ್ಕೆ ನೀರು ಹೊಯ್ದವರು ಯಾರೆಂಬುದು ಕವಿಗೆ ಮುಖ್ಯವಲ್ಲ. ಕಾಳಿದಾಸನ ಶಕುಂತಲೆ ನೀರೆರೆಯುತ್ತಲೇ ರಂಗಕ್ಕೆ ಬರುತ್ತಾಳೆ, ನಿಜ. ಆದರೆ ಅವಳದು ಆಶ್ರಮದ ನೆಲದಲ್ಲಿ ಬೇರುಬಿಟ್ಟ ಗಿಡಗಳು. ಮಹಡಿಯ ಮೇಲೆ ಮುಕ್ಕಾಲು ಅಡಿ ಕುಂಡದಲ್ಲಿ ಬದುಕಬೇಕಾದ ಗಿಡದ ವಿಷಯವನ್ನು ನಾನು ಓದಿದ ಯಾವ ಕಾವ್ಯವೂ ಹೇಳಿಕೊಟ್ಟಿರಲಿಲ್ಲ. ಬೆಳಗ್ಗೆ ಒಂದು ಚೆಂಬು, ಸಂಜೆ ಒಂದು ಚೆಂಬು ಹಾಕುತ್ತ ಬಂದೆ. ಕೆಳಗಿನ ಮನೆಯವರ ಗೋಡೆಗೆ ನೀರು ಇಳಿಯಬಾರದೆಂದು ಕುಂಡದಡಿಗೆ ಒಂದು ತಟ್ಟೆ ಇಟ್ಟೆ. ಮಳೆ ಹಿಡಿದು ಮೂರು ದಿನವಾದರೂ ನನ್ನ ವ್ರತಕ್ಕೆ ಭಂಗ ಬರಲಿಲ್ಲ. ಎಲೆ ಜೋತುಬಿದ್ದಿತು, ಪಾಪ, ಬಾಯಾರಿರಬೇಕೆಂದು ಮಧ್ಯಾಹ್ನಕ್ಕೂ ಒಂದು ಚೆಂಬು ಸೇರಿಸಿದೆ.

ಕೊನೆಗೆ ಕುಂಡವನ್ನು ಎತ್ತಿಕೊಂಡು ಸಸಿ ಮಾರುವ ಮುದುಕನೊಬ್ಬನ ಬಳಿಗೆ ಹೋದೆ. ಅವನು ಕುಂಡವನ್ನು ಬೋರಲು ಮಾಡಿ, ಅಂಚನ್ನು ಕಲ್ಲಿಗೆ ತಟ್ಟಿ, ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಕೈಗೆ ತೆಗೆದುಕೊಂಡ. ಬೇರುಗಳು ಕಪ್ಪಾಗಿದ್ದವು, ಚರಂಡಿಯ ವಾಸನೆ. “ಇದು ಬಾಯಾರಿ ಸತ್ತಿದ್ದಲ್ಲ ಸ್ವಾಮಿ, ಮುಳುಗಿ ಸತ್ತಿದ್ದು” ಎಂದ.

ಸಸ್ಯಶಾಸ್ತ್ರ ಹೇಳುವ ನಮ್ಮ ಸಹೋದ್ಯೋಗಿಗಳು ಮರುದಿನ ಅದರ ಅರ್ಥವನ್ನು ಬಿಡಿಸಿದರು. ಬೇರೂ ಉಸಿರಾಡಬೇಕು. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ಗಾಳಿಯಿರುತ್ತದೆ. ಆ ಸಂದುಗಳೆಲ್ಲ ನೀರು ತುಂಬಿದರೆ ಬೇರು ಕಟ್ಟುಸಿರಾಗಿ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಮೇಲಕ್ಕೆ ಕಳುಹಿಸಲಾರದು. ಆಗ ಎಲೆ ಬಾಡುತ್ತದೆ, ಬಾಯಾರಿದ ಗಿಡದ ಎಲೆ ಬಾಡುವ ಹಾಗೆಯೇ. ಹೊಸಬ ಅದನ್ನು ಕಂಡು ಇನ್ನಷ್ಟು ಸುರಿಯುತ್ತಾನೆ. ನೆಲದಲ್ಲಾದರೆ ಹೆಚ್ಚಿನ ನೀರು ಆಳಕ್ಕೆ ಇಳಿದುಹೋಗುತ್ತದೆ, ಬೇರು ತನಗೆ ಬೇಕಾದ ಕಡೆ ಹುಡುಕಿಕೊಂಡು ಹೋಗುತ್ತದೆ. ಕುಂಡದಲ್ಲಿ ಅದಕ್ಕೆ ಹೋಗಲು ಎಡೆಯಿಲ್ಲ. ಸಾಕಿದವನ ಬುದ್ಧಿ ಎಷ್ಟೋ ಅದರ ಆಯುಷ್ಯವೂ ಅಷ್ಟೆ.

ನನಗೆ ನಾಚಿಕೆಯಾದದ್ದು ಇನ್ನೊಂದು ಕಾರಣಕ್ಕೆ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾನೆ. ನೆಟ್ಟ ಗಿಡಗಳಿಗೆ ಬೇಸಗೆಯಲ್ಲಿ ಬೆಳಗ್ಗೆ ಸಂಜೆ ಎರಡು ಹೊತ್ತು, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದರೆ ಮಾತ್ರ ನೀರು ಹಾಕಬೇಕೆಂಬುದು ಅವನ ವಿಧಿ. ಕನ್ನಡದಲ್ಲಿಯೇ 1025ರ ಸುಮಾರಿನಲ್ಲಿ ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದದ ಭಾಗವೊಂದಿದೆ. ಇಂಥ ಗ್ರಂಥಗಳ ಕಾಲ, ಕರ್ತೃ, ಆಶ್ರಯದಾತರನ್ನು ಎಷ್ಟೋ ಸಲ ಹುಡುಗರಿಗೆ ಹೇಳಿದ್ದೇನೆ. ನೀರಿನ ಸೂತ್ರ ನನಗೆ ಸಂಬಂಧಿಸಿದ್ದೆಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಮುಳುಗಿ ಸತ್ತಿತೆಂಬ ಆ ಮುದುಕನ ಮಾತು ಮನಸ್ಸಿನಲ್ಲಿ ಉಳಿದುಕೊಂಡಿತು. ಬೇರು ಕಿತ್ತ ಗಿಡವನ್ನು ಒಂದೂರಿನಿಂದ ಇನ್ನೊಂದೂರಿಗೆ ಒಯ್ದು ಬದುಕಿಸಲಾರದೆ ಹೋದವನು ನಾನೊಬ್ಬನೇ ಅಲ್ಲವೆಂದು ಸಮಾಧಾನ ಮಾಡಿಕೊಳ್ಳಲು ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಸಿಕ್ಕಿದ್ದು ದೊಡ್ಡ ದೊಡ್ಡವರ ಸಹವಾಸ.

ಈಜಿಪ್ಟಿನ ರಾಣಿ ಹ್ಯಾಟ್‌ಷೆಪ್ಸುಟ್ ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ಪುಂಟ್ ದೇಶಕ್ಕೆ ಹಡಗುಗಳನ್ನು ಕಳುಹಿಸಿ ಧೂಪದ ಮರಗಳನ್ನು ತರಿಸಿದಳು. ಬೇರು ಸಮೇತ ಬುಟ್ಟಿಯಲ್ಲಿಟ್ಟ ಮರಗಳನ್ನು ಆಳುಗಳು ಅಡ್ಡೆಯಲ್ಲಿ ಹೊತ್ತು ನಡೆಯುವ ಚಿತ್ರ ಅವಳ ಗುಡಿಯ ಗೋಡೆಯಲ್ಲಿ ಇನ್ನೂ ಇದೆ. ಅದು ಪ್ರಾಚೀನರ ಮಾತಾಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕಿಂತ ಬಹಳ ಈಚಿನ ಒಂದು ಹಡಗು.

1787ರ ಡಿಸೆಂಬರಿನಲ್ಲಿ ‘ಬೌಂಟಿ’ ಎಂಬ ಪುಟ್ಟ ಹಡಗು ಇಂಗ್ಲೆಂಡಿನಿಂದ ಹೊರಟಿತು. ಅದರ ನಾವಿಕರು ದಂಗೆಯೆದ್ದ ಕಥೆ ಲೋಕಪ್ರಸಿದ್ಧ. ಹಡಗು ಹೊರಟದ್ದು ಕುಂಡದ ಗಿಡಗಳಿಗಾಗಿ ಎಂಬುದನ್ನು ಬಹಳ ಜನ ನೆನೆಯುವುದಿಲ್ಲ. ತಾಹಿತಿ ದ್ವೀಪದಿಂದ ಬ್ರೆಡ್‌ಫ್ರೂಟ್ ಸಸಿಗಳನ್ನು ವೆಸ್ಟ್ ಇಂಡೀಸಿಗೆ ಒಯ್ಯಬೇಕಾಗಿತ್ತು. ಇದೇ ನಮ್ಮ ದಕ್ಷಿಣ ಕನ್ನಡದವರ ಜೀಗುಜ್ಜೆ, ದೀವಿಹಲಸು. ಅದರ ಪೋಡಿಯನ್ನು ತಿಂದವರಿಗೆ ಪರಿಚಯ ಬೇಕಿಲ್ಲ. ಈ ಜಾತಿಯ ಕಾಯಿಯಲ್ಲಿ ಬೀಜವಿಲ್ಲ. ಬೇರಿನಿಂದ ಒಡೆದ ಮರಿಗಿಡವನ್ನೇ ಒಯ್ಯಬೇಕು. ಜಮೈಕಾ ಮುಂತಾದ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಆಫ್ರಿಕದ ಗುಲಾಮರು ದುಡಿಯುತ್ತಿದ್ದರು. ಅಮೆರಿಕದ ಯುದ್ಧದಿಂದ ಧಾನ್ಯ ಬರುವುದು ನಿಂತು, ಮೇಲೆ ಬಿರುಗಾಳಿಗಳೂ ಬಂದು, ಅವರಲ್ಲಿ ಸಾವಿರಾರು ಜನ ಹಸಿದು ಸತ್ತಿದ್ದರು. ತೋಟದ ಧಣಿಗಳಿಗೆ ಅಗ್ಗದ ಅನ್ನ ಬೇಕಾಗಿತ್ತು. ಗಿಡ ಸಾಗಿಸುವ ವ್ಯವಸ್ಥೆಯ ಹಿಂದೆ ದಯೆ ಇರಲಿಲ್ಲ, ಲೆಕ್ಕವಿತ್ತು.

ಏರ್ಪಾಡು ಮಾತ್ರ ಅಚ್ಚುಕಟ್ಟು. ಹಡಗಿನ ಅತ್ಯುತ್ತಮ ಕೋಣೆ ಕಪ್ತಾನನದು. ಅದನ್ನು ಗಿಡಗಳಿಗೆ ಬಿಟ್ಟುಕೊಟ್ಟು ಕಪ್ತಾನ ವಿಲಿಯಂ ಬ್ಲೈ ಇಕ್ಕಟ್ಟಾದ ಮೂಲೆಗೆ ಸರಿದುಕೊಂಡ. ಕುಂಡಗಳು ಅಲುಗದಂತೆ ಹಲಗೆಗಳಲ್ಲಿ ತೂತು ಕೊರೆದು ಕೂರಿಸಿದರು. ನೆಲಕ್ಕೆ ಸೀಸದ ತಗಡು ಹೊದಿಸಿದರು. ಕುಂಡಗಳಿಂದ ಬಸಿದ ನೀರು ಮೂಲೆಯ ಕೊಳವೆಗಳ ಮೂಲಕ ಕೆಳಗಿನ ತೊಟ್ಟಿಗಳಿಗೆ ಇಳಿಯಬೇಕು, ಅದನ್ನೇ ಮತ್ತೆ ಗಿಡಗಳಿಗೆ ಹಾಕಬೇಕು. ನೀರು ಕುಂಡದಲ್ಲಿ ನಿಲ್ಲಕೂಡದು, ಹಡಗಿನಲ್ಲಿ ಪೋಲಾಗಲೂ ಕೂಡದು! ನನ್ನ ತಟ್ಟೆಯನ್ನು ನೆನೆದು ತಲೆ ತಗ್ಗಿಸಿದೆ.

ಡೇವಿಡ್ ನೆಲ್ಸನ್ ಎಂಬ ತೋಟಗಾರ ಗಿಡಗಳ ಉಸ್ತುವಾರಿಗೆ ಜೊತೆಯಲ್ಲಿದ್ದ. ತಾಹಿತಿಯಲ್ಲಿ ಐದು ತಿಂಗಳಿಗೂ ಮಿಕ್ಕಿ ನಿಂತರು. ಸಸಿಗಳನ್ನು ದಡದಲ್ಲಿಯೇ ಕುಂಡಕ್ಕೆ ನೆಟ್ಟು, ಬೇರು ಹಿಡಿದುವೆಂದು ಖಾತ್ರಿಯಾದ ಮೇಲೆಯೇ ಹಡಗಿಗೆ ಏರಿಸಿದರು. 774 ಕುಂಡ, 39 ತೊಟ್ಟಿ, 24 ಪೆಟ್ಟಿಗೆಗಳಲ್ಲಿ 1,015 ಗಿಡಗಳೆಂದು ಬ್ಲೈ ಬರೆದಿಟ್ಟಿದ್ದಾನೆ. 1789ರ ಏಪ್ರಿಲ್ ಮೊದಲ ವಾರ ಹಡಗು ತಾಹಿತಿಯನ್ನು ಬಿಟ್ಟಿತು, 28ರಂದು ದಂಗೆಯಾಯಿತು. ಬ್ಲೈಯನ್ನೂ ಅವನ ಕಡೆಯವರು ಹದಿನೆಂಟು ಮಂದಿಯನ್ನೂ ಒಂದು ದೋಣಿಗಿಳಿಸಿ ನಡುಗಡಲಲ್ಲಿ ಬಿಟ್ಟು, ದಂಗೆಕೋರರು ಗಿಡಗಳನ್ನೆಲ್ಲ ನೀರಿಗೆ ಎಸೆದರು.

ನೆಲ್ಸನ್ ದೋಣಿಯಲ್ಲಿದ್ದವರಲ್ಲಿ ಒಬ್ಬ. ಅವನ ಸಹಾಯಕ ಬ್ರೌನ್ ದಂಗೆಕೋರರೊಡನೆ ಉಳಿದುಕೊಂಡ. ಸಾವಿರಾರು ಮೈಲಿ ಕಡಲನ್ನು ಆ ದೋಣಿಯಲ್ಲಿ ದಾಟಿ ಬದುಕಿ ಟೀಮೋರ್ ದ್ವೀಪ ಸೇರಿದ ನೆಲ್ಸನ್, ಮುಂದಿನ ತಿಂಗಳು ಅಲ್ಲಿಯೇ ಜ್ವರದಿಂದ ತೀರಿಕೊಂಡ. ಚರಿತ್ರೆಯ ಪುಸ್ತಕಗಳು ಕಪ್ತಾನನ ಸಿಡುಕಿಗೆ ಪುಟಗಟ್ಟಲೆ ಕೊಡುತ್ತವೆ. ಸಾವಿರ ಗಿಡಕ್ಕೆ ಬೇರು ಹಿಡಿಸಿ, ಒಂದು ಮುಂಜಾನೆ ಎಲ್ಲವನ್ನೂ ಕಳೆದುಕೊಂಡ ಈ ತೋಟಗಾರನಿಗೆ ನಾಲ್ಕು ಸಾಲು ಸಿಕ್ಕಿದರೆ ಹೆಚ್ಚು. ನನಗಂತೂ ಅವನೇ ನೆನಪಿನಲ್ಲಿ ಉಳಿದಿದ್ದಾನೆ.

ಬ್ಲೈ ಹಟ ಬಿಡಲಿಲ್ಲ. 1791ರಲ್ಲಿ ‘ಪ್ರಾವಿಡೆನ್ಸ್’ ಹಡಗಿನಲ್ಲಿ ಮತ್ತೆ ಹೊರಟು ತಾಹಿತಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಸಿಗಳನ್ನು ಏರಿಸಿದ. 1793ರಲ್ಲಿ ವೆಸ್ಟ್ ಇಂಡೀಸಿನಲ್ಲಿ ಜೀವಂತವಾಗಿ ಇಳಿದದ್ದು ಸುಮಾರು ಮೂರರಲ್ಲಿ ಒಂದು ಪಾಲು. ಇಷ್ಟೆಲ್ಲ ಪಾಡುಪಟ್ಟು ತಂದ ಕಾಯಿಯನ್ನು ಗುಲಾಮರು ಬಹುಕಾಲ ಇಷ್ಟಪಡಲಿಲ್ಲ. ತಮ್ಮ ಬಾಳೆಕಾಯಿ, ಗೆಣಸುಗಳೇ ಅವರಿಗೆ ರುಚಿಸಿದವು. ಅವರ ನಾಲಗೆಯನ್ನು ಯಾರೂ ಕೇಳಿರಲಿಲ್ಲವಷ್ಟೆ.

ಮೂರರಲ್ಲಿ ಒಂದು ಉಳಿದದ್ದೇ ಆ ಕಾಲಕ್ಕೆ ಭಾರಿ ಗೆಲವು. ಮಕಾವ್‌ನಲ್ಲಿದ್ದ ಜಾನ್ ಲಿವಿಂಗ್‌ಸ್ಟನ್ ಎಂಬ ವೈದ್ಯ (ಆಫ್ರಿಕದ ಲಿವಿಂಗ್‌ಸ್ಟನ್ ಅಲ್ಲ) ಚೀನದಿಂದ ಇಂಗ್ಲೆಂಡಿಗೆ ಕಳುಹಿಸಿದ ಗಿಡಗಳಲ್ಲಿ ಸಾವಿರಕ್ಕೆ ಒಂದು ಬದುಕುತ್ತದೆಂದು 1819ರಲ್ಲಿ ಅಂದಾಜು ಮಾಡಿದ್ದ. ಉಪ್ಪುಗಾಳಿ, ಬಿಸಿಲು, ಚಳಿ, ಇಲಿಗಳ ಕಾಟ. ಎಲ್ಲಕ್ಕಿಂತ ಮಿಗಿಲಾಗಿ ನೀರು. ಕುಡಿಯುವ ನೀರಿಗೆ ಅಳತೆಯಿದ್ದ ಹಡಗಿನಲ್ಲಿ, ಗಿಡದ ಗಂಧವನ್ನರಿಯದ ನಾವಿಕ ಮನಸ್ಸು ಬಂದಾಗ ಸುರಿದಾನು, ಇಲ್ಲವಾದರೆ ಮರೆತಾನು.

ಈ ಗಂಟನ್ನು ಬಿಡಿಸಿದವನು ತೋಟಗಾರನೂ ಅಲ್ಲ, ನಾವಿಕನೂ ಅಲ್ಲ; ಲಂಡನ್ನಿನ ಪೂರ್ವಭಾಗದ ಒಬ್ಬ ವೈದ್ಯ, ನಥಾನಿಯಲ್ ಬ್ಯಾಗ್‌ಷಾ ವಾರ್ಡ್. ಅವನಿಗೆ ಜರಿಗಿಡಗಳೆಂದರೆ ಪ್ರಾಣ. ಹಿತ್ತಿಲ ಗೋಡೆಗೆ ಜರಿಗಿಡ ಹಬ್ಬಿಸಲು ಎಷ್ಟು ಸಲ ನೆಟ್ಟರೂ ಕಲ್ಲಿದ್ದಲ ಹೊಗೆ ಅವನ್ನು ಕೊಂದಿತು. ನಮ್ಮ ನಿಮ್ಮ ಹಾಗೆ ಅವನೂ ಸೋತ ತೋಟಗಾರ. 1829ರಲ್ಲಿ, ಪತಂಗವೊಂದು ಗೂಡಿನಿಂದ ಹೊರಬರುವುದನ್ನು ನೋಡಬೇಕೆಂದು, ಅದರ ಕೋಶವನ್ನು ಗಾಜಿನ ಸೀಸೆಯೊಳಗೆ ಹಸಿಮಣ್ಣಿನಲ್ಲಿ ಹೂತು ಮುಚ್ಚಳ ಹಾಕಿಟ್ಟ. ಹಗಲು ಮಣ್ಣಿನ ಪಸೆ ಆವಿಯಾಗಿ ಮೇಲೇರಿ ಗಾಜಿಗೆ ಅಂಟುತ್ತಿತ್ತು, ತಣ್ಣಗಾಗಿ ಮತ್ತೆ ಮಣ್ಣಿಗೆ ಇಳಿಯುತ್ತಿತ್ತು. ಹೀಗಿರಲು ಒಂದು ದಿನ ಆ ಮಣ್ಣಿನಲ್ಲಿ ತಾನಾಗಿ ಒಂದು ಜರಿಗಿಡ, ಒಂದು ಹುಲ್ಲು ಮೊಳೆತವು. ಹೊರಗೆ ಎಷ್ಟು ಆರೈಕೆ ಮಾಡಿದರೂ ಬದುಕದ ಜರಿಗಿಡ ಸೀಸೆಯೊಳಗೆ ಯಾರ ಕೈಯ ನೀರೂ ಇಲ್ಲದೆ ನಾಲ್ಕು ವರ್ಷದ ಹತ್ತಿರ ಬದುಕಿತು. ಆಮೇಲೆ ಹೇಗೆ ಸತ್ತಿತೆಂಬುದನ್ನು ವಾರ್ಡನೇ ಬರೆದಿದ್ದಾನೆ: ಅವನು ಊರಲ್ಲಿಲ್ಲದಾಗ ಮುಚ್ಚಳ ತುಕ್ಕು ಹಿಡಿದು, ಮಳೆಯ ನೀರು ಒಳಗೆ ಇಳಿದು ಹೆಚ್ಚಾಯಿತಂತೆ. ಓದಿದಾಗ ನನ್ನ ತುಳಸಿಯ ಮರಣವಾರ್ತೆಯನ್ನೇ ಇಂಗ್ಲಿಷಿನಲ್ಲಿ ಓದಿದಂತಾಯಿತು.

ವಾರ್ಡ್ ಸೀಸೆಯ ನ್ಯಾಯವನ್ನೇ ಹಿಡಿದು ಮರದ ಚೌಕಟ್ಟಿಗೆ ಗಾಜು ಹಾಕಿದ ಪೆಟ್ಟಿಗೆಗಳನ್ನು ಮಾಡಿಸಿದ. 1833ರಲ್ಲಿ ಎರಡು ಪೆಟ್ಟಿಗೆಗಳಲ್ಲಿ ಜರಿಗಿಡ, ಹುಲ್ಲುಗಳನ್ನು ತುಂಬಿ ಸಿಡ್ನಿಗೆ ಕಳುಹಿಸಿದ. ಅವು ಹಸುರಾಗಿ ತಲುಪಿದವು. ಮರಳಿ ಬರುವಾಗ ಅವೇ ಪೆಟ್ಟಿಗೆಗಳಲ್ಲಿ ಆಸ್ಟ್ರೇಲಿಯದ ಗಿಡಗಳು ಬಂದವು. ಕೇಪ್ ಹಾರ್ನ್ ಬಳಿ ಹಡಗಿನ ಮೇಲೆ ಹಿಮ ಕೂತಿತ್ತು, ಆಚೆ ಉಷ್ಣವಲಯದ ಬಿಸಿಲು. ದಾರಿಯುದ್ದಕ್ಕೂ ತೊಟ್ಟು ನೀರು ಹಾಕಿರಲಿಲ್ಲ.

ಗಾಜಿನ ಪೆಟ್ಟಿಗೆ ಬಂದ ಮೇಲೆ ಸಾಮ್ರಾಜ್ಯಕ್ಕೆ ಗಿಡಗಳನ್ನು ದೇಶಾಂತರ ಸಾಗಿಸುವುದು ಸುಲಭವಾಯಿತು. ರಾಬರ್ಟ್ ಫಾರ್ಚೂನ್ 1848ರಿಂದ 1851ರ ವರೆಗೆ ಚೀನದಿಂದ ಸುಮಾರು ಇಪ್ಪತ್ತು ಸಾವಿರ ಚಹಾ ಸಸಿಗಳನ್ನು ಹಿಮಾಲಯದ ತಪ್ಪಲಿಗೆ ಸಾಗಿಸಿದ್ದು ಇದರಲ್ಲಿಯೇ. ಆದರೆ ಪೆಟ್ಟಿಗೆಯೇನೂ ಮಾಯಾಮಂತ್ರವಲ್ಲ. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ಕೊಡುವ ಸಿಂಕೋನ ಗಿಡಗಳನ್ನು 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಂ ಪೆರು ದೇಶದಿಂದ ನಮ್ಮ ನೆರೆಯ ಉದಕಮಂಡಲಕ್ಕೆ ತಂದ. ಅರ್ಧ ಭೂಮಿಯನ್ನು ಸುತ್ತಿ, ಕೆಂಪು ಸಮುದ್ರದ ಬೇಗೆಯಲ್ಲಿ ಬೆಂದು ಬಂದ ಆ ಸಸಿಗಳಲ್ಲಿ ಒಂದೂ ಉಳಿಯಲಿಲ್ಲ. ಮರುವರ್ಷ ರಾಬರ್ಟ್ ಕ್ರಾಸ್ ಎಂಬ ತೋಟಗಾರ, ಈಕ್ವಡಾರಿನಲ್ಲಿ ರಿಚರ್ಡ್ ಸ್ಪ್ರೂಸನೊಡನೆ ಸೇರಿ ಬೆಳೆಸಿದ ಕೆಂಪು ತೊಗಟೆಯ ಸಿಂಕೋನ ಸಸಿಗಳನ್ನು, ತಾನೇ ಜೊತೆಗಿದ್ದು ಕಣ್ಣಲ್ಲಿ ಕಣ್ಣಿಟ್ಟು ಕರೆತಂದ. ಅವು ಬದುಕಿದವು. ಉದಕಮಂಡಲದ ತೋಟದ ಮೇಲ್ವಿಚಾರಕ ಮ್ಯಾಕೈವರನ ಕೈಯಲ್ಲಿ ಕೆಲವೇ ವರ್ಷಗಳಲ್ಲಿ ನೀಲಗಿರಿಯ ಇಳಿಜಾರುಗಳಲ್ಲಿ ಲಕ್ಷಗಟ್ಟಲೆ ಮರಗಳಾದವು. ಪೆಟ್ಟಿಗೆ ಎರಡು ಸಲವೂ ಒಂದೇ ಬಗೆಯದು. ಎರಡನೆಯ ಸಲ ಪಕ್ಕದಲ್ಲಿ ಒಬ್ಬ ಗಿಡ ಬಲ್ಲವನಿದ್ದ.

ನಮ್ಮ ಲಾಲ್‌ಬಾಗಿನ ಕಥೆಯೂ ಹೀಗೆ ಬಂದು ಬೇರೂರಿದ ಗಿಡಗಳ ಕಥೆಯೇ. 1874ರಲ್ಲಿ ಬಂದ ಕ್ಯಾಮರಾನ್ ಸೀಮೆಬದನೆಯನ್ನು ಬೆಂಗಳೂರಿಗೆ ತಂದವನೆಂದು ಹೆಸರಾಗಿದ್ದಾನೆ. ಅದರ ಸಾಂಬಾರನ್ನು ವಾರಕ್ಕೆರಡು ಸಲ ಉಣ್ಣುವ ನಾನು ಅವನ ಉಪಕಾರವನ್ನು ಹೇಗೆ ಮರೆಯಲಿ? ಆ ವಿಚಾರ ಇನ್ನೊಂದು ಲೇಖನಕ್ಕಾಗುವಷ್ಟಿದೆ.

ಓದು ಮುಗಿಸಿದ ಮೇಲೆ ಕುಂಡಗಳ ಅಡಿಯ ತಟ್ಟೆಗಳನ್ನೆಲ್ಲ ತೆಗೆದು, ಕೆಳಗೆ ಎರಡೆರಡು ಇಟ್ಟಿಗೆ ಕೊಟ್ಟೆ. ತೂತಿನ ಮೇಲೆ ಒಡೆದ ಹೆಂಚಿನ ಚೂರನ್ನು ಬೋರಲಾಗಿಟ್ಟು, ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬುವುದನ್ನು ಆ ಮುದುಕನೇ ಕಲಿಸಿದ. “ಗಂಟೆ ನೋಡಿ ನೀರು ಹಾಕಬೇಡಿ, ಬೆರಳು ಹಾಕಿ ನೋಡಿ. ಎರಡು ಗೆಣ್ಣು ಒಣಗಿದ್ರೆ ಹಾಕಿ” ಎಂದ. ಒಂದು ಉಪ್ಪಿನಕಾಯಿ ಸೀಸೆಯಲ್ಲಿ, ಬಚ್ಚಲ ಗೋಡೆಯ ಬಿರುಕಿನಲ್ಲಿ ಬೆಳೆದಿದ್ದ ಜರಿಗಿಡವೊಂದನ್ನು ನೆಟ್ಟು ಮುಚ್ಚಿಟ್ಟಿದ್ದೇನೆ. ಏಳು ತಿಂಗಳಾಯಿತು; ಮುಚ್ಚಳ ತೆಗೆಯಲು ನನಗೆ ಮನೆಯಲ್ಲಿ ಅಪ್ಪಣೆಯಿಲ್ಲ.

ತುಳಸಿಯ ವಿಷಯವನ್ನು ಅಕ್ಕನಿಗೆ ಹೇಳಲು ದೀಪಾವಳಿಯವರೆಗೆ ಧೈರ್ಯ ಸಾಲಲಿಲ್ಲ. ಹೇಳಿದಾಗ ಅವಳು ಬಯ್ಯಲಿಲ್ಲ. ಒಳಗೆ ಹೋಗಿ ಒಂದು ಕಾಗದದ ಪೊಟ್ಟಣ ತಂದು ಕೊಟ್ಟಳು. ಕಟ್ಟೆಯಿಂದ ಗಿಡ ಎತ್ತುವ ದಿನ ಅದರ ಒಣಗಿದ ಕದಿರುಗಳನ್ನು ಮುರಿದು ಇಟ್ಟುಕೊಂಡಿದ್ದಳಂತೆ. ಬಿತ್ತಿದ್ದರಲ್ಲಿ ಮೂರು ಮೊಳೆತವು, ಎರಡು ನಿಂತಿವೆ. ಮೊನ್ನೆ ಫೋನು ಮಾಡಿದಾಗ ಬೆರಳಿನ ಲೆಕ್ಕ, ಸೀಸದ ತಗಡು, ವಾರ್ಡನ ಸೀಸೆ ಎಲ್ಲವನ್ನೂ ಉತ್ಸಾಹದಿಂದ ವಿವರಿಸಿದೆ. ಅವಳು ಸಾವಧಾನವಾಗಿ ಕೇಳಿ, “ಅಮ್ಮ ಮಳೆಗಾಲದಲ್ಲಿ ಅದಕ್ಕೆ ಹಾಕ್ತಿದ್ದದ್ದು ಪೂಜೆಯ ಎರಡು ಉದ್ಧರಣೆ ನೀರು ಕಣೋ. ನೀನು ನೋಡಿರಲಿಲ್ವೇ?” ಎಂದಳು.