ರಾಕ್ ಸಂಗೀತ, ವಾದ್ಯವೃಂದ ಮತ್ತು ಶಾಲೆಯ ಮಕ್ಕಳು

೧೯೫೦ನೆಯ ಇಸವಿ ಮೇ ತಿಂಗಳ ೨೨ನೆಯ ತಾರೀಖು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಎಂಬ ವಿಶಾಲ ಸಭಾಮಂದಿರದಲ್ಲಿ ಒಂದು ಕಚೇರಿ ನಡೆಯಿತು. ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ತಮ್ಮ ಕೊನೆಗಾಲದಲ್ಲಿ ಸ್ವರ ಹಾಕಿದ ನಾಲ್ಕು ಗೀತೆಗಳು ಅಂದು ಮೊತ್ತಮೊದಲಿಗೆ ಜನರ ಕಿವಿಗೆ ಬಿದ್ದವು. ಸ್ಟ್ರಾಸರು ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಹಾಡಿದವರು ನಾರ್ವೆ ದೇಶದ ಗಾಯಕಿ ಫ್ಲಾಗ್‌ಸ್ಟಾಡ್. ವಾದ್ಯವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಈ ಕಚೇರಿಗೆ ೪,೮೦೦ ಡಾಲರುಗಳ ಖಾತರಿ ನಿಂತವರು ಯಾರು ಬಲ್ಲಿರಾ? ನಮ್ಮ ಮೈಸೂರಿನ ಶ್ರೀ ಜಯಚಾಮರಾಜ ಒಡೆಯರು.

ಅಂದು ನುಡಿಸಿದ ಫಿಲ್ಹಾರ್ಮೋನಿಯ ವಾದ್ಯವೃಂದವು ೧೯೪೫ರಲ್ಲಿ ಹುಟ್ಟಿದ್ದು. ಅದರ ಕಚೇರಿಗಳನ್ನು ನಡೆಸಲು ಏರ್ಪಟ್ಟ ಸಂಸ್ಥೆಗೆ ಒಡೆಯರೇ ಮೊದಲನೆಯ ಅಧ್ಯಕ್ಷರು. ವರ್ಷಕ್ಕೆ ಹತ್ತು ಸಾವಿರ ಪೌಂಡಿನಂತೆ ಮೂರು ವರ್ಷ ಅವರು ಸಹಾಯಧನ ಕೊಟ್ಟರು. 'ಶ್ರೀವಿದ್ಯಾ' ಅಂಕಿತದಲ್ಲಿ ಕರ್ಣಾಟಕ ಸಂಗೀತದ ಕೃತಿಗಳನ್ನು ರಚಿಸಿದ ಕೈಯೇ ಪಿಯಾನೊ ನುಡಿಸುವುದನ್ನೂ ಬಲ್ಲದ್ದಾಗಿತ್ತು ಎಂಬುದು ನಾವು ಹೆಮ್ಮೆಪಡತಕ್ಕ ವಿಷಯ.

ರಾಜ್ಯೋತ್ಸವದ ಸಂಚಿಕೆಯಲ್ಲಿ ರಾಕ್ ಸಂಗೀತದ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಹುದು. ಒಡೆಯರ ಈ ಕಥೆಯಿಂದಲೇ ಮೊದಲು ಮಾಡಲು ಕಾರಣವಿದೆ. ಸಂಗೀತ ಎಷ್ಟೇ ದೊಡ್ಡದಾಗಿರಲಿ, ಅದರ ಹಿಂದೆ ಯಾರೋ ಒಬ್ಬರು ಹಣದ ಗಂಟು ಬಿಚ್ಚಿರಬೇಕಾಗುತ್ತದೆ. ಪಾಶ್ಚಾತ್ಯರ ವಾದ್ಯವೃಂದವೆಂದರೆ, ನಮ್ಮ ಗಣೇಶೋತ್ಸವದ ಪೆಂಡಾಲಿನಲ್ಲಿ ಚಿತ್ರಗೀತೆ ಹಾಡುವ 'ಆರ್ಕೆಸ್ಟ್ರಾ' ಅಲ್ಲ. ಎಪ್ಪತ್ತು ಎಂಬತ್ತು ಮಂದಿ, ಒಮ್ಮೊಮ್ಮೆ ನೂರು ಮಂದಿ, ಪಿಟೀಲು, ಕೊಳಲು, ತುತ್ತೂರಿ, ನಗಾರಿಗಳನ್ನು ಹಿಡಿದು ಒಬ್ಬನ ಕೈಸನ್ನೆಗೆ ಕಣ್ಣಿಟ್ಟು ಒಂದೇ ಉಸಿರಿನಲ್ಲಿ ನುಡಿಸುವ ವ್ಯವಸ್ಥೆ ಅದು. ಅಷ್ಟು ಮಂದಿಯನ್ನು ಚಿಕ್ಕಂದಿನಿಂದ ತಯಾರು ಮಾಡಬೇಕು. ಆ ಮಕ್ಕಳ ಕೈಗೆ ವಾದ್ಯ ಕೊಡುವವರು ಯಾರು? ಈ ಪ್ರಬಂಧದ ಪ್ರಶ್ನೆ ಇಷ್ಟೇ.

ರಾಕ್ ಸಂಗೀತ ೧೯೫೦ರ ದಶಕದಲ್ಲಿ ಅಮೆರಿಕದಲ್ಲಿ ತಲೆಯೆತ್ತಿದ್ದು. ವಿದ್ಯುತ್ ಗಿಟಾರು, ಡ್ರಮ್ಮು, ಗಟ್ಟಿ ಕಂಠ: ಇವು ಅದರ ಲಕ್ಷಣಗಳು. ಹಿರಿಯರು ಅದನ್ನು ಗದ್ದಲವೆಂದರು. ಹುಡುಗರು ಅದನ್ನೇ ಬದುಕೆಂದುಕೊಂಡರು. ವಾದ್ಯವೃಂದದವರಿಗೂ ರಾಕ್‌ನವರಿಗೂ ಎಣ್ಣೆ ಸೀಗೆಕಾಯಿಯ ಸಂಬಂಧ. ಆದರೂ ಎರಡನ್ನೂ ಕೂಡಿಸಿ ನೋಡುವ ಆಸೆ ಕೆಲವರಿಗೆ ಹುಟ್ಟಿತು. ೧೯೬೭ರ ಫೆಬ್ರವರಿ ೧೦ರಂದು ಲಂಡನ್ನಿನಲ್ಲಿ ಬೀಟಲ್ಸ್ ತಂಡದವರು ತಮ್ಮ ಒಂದು ಹಾಡಿಗಾಗಿ ೪೦ ಮಂದಿ ವಾದ್ಯಗಾರರನ್ನು ಕರೆಸಿದರು. ಪ್ರತಿಯೊಬ್ಬರೂ ತಮ್ಮ ವಾದ್ಯದ ಅತಿ ಕೆಳಗಿನ ಸ್ವರದಿಂದ ಹೊರಟು, ೨೪ ಆವರ್ತಗಳೊಳಗೆ ಮೇಲಿನ ಸ್ವರಕ್ಕೆ ತಮ್ಮ ತಮ್ಮ ಮನಸ್ಸು ಬಂದ ಹಾಗೆ ಏರಬೇಕು ಎಂದು ಅಪ್ಪಣೆಯಾಯಿತು. ಪಕ್ಕದವನ ಜೊತೆ ಒಂದಾಗಿ ನುಡಿಸುವುದನ್ನೇ ಜನ್ಮವಿಡೀ ಕಲಿತವರಿಗೆ ಇದು ವಿಚಿತ್ರವಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

ಎರಡು ವರ್ಷಗಳ ಮೇಲೆ, ೧೯೬೯ರ ಸೆಪ್ಟೆಂಬರ್ ೨೪ರಂದು, ಒಡೆಯರ ಹಣದ ಕಚೇರಿ ನಡೆದಿದ್ದ ಅದೇ ಆಲ್ಬರ್ಟ್ ಹಾಲಿನಲ್ಲಿ, ಡೀಪ್ ಪರ್ಪಲ್ ಎಂಬ ರಾಕ್ ತಂಡವೂ ರಾಯಲ್ ಫಿಲ್ಹಾರ್ಮೋನಿಕ್ ವಾದ್ಯವೃಂದವೂ ಒಂದೇ ವೇದಿಕೆಯ ಮೇಲೆ ಕುಳಿತವು. ತಂಡದ ಆರ್ಗನ್ ವಾದಕ ಜಾನ್ ಲಾರ್ಡ್ ಮೂರು ಭಾಗಗಳ ಒಂದು ಕೃತಿಯನ್ನು ಇದಕ್ಕೆಂದೇ ರಚಿಸಿದ್ದರು. ವೃಂದದಲ್ಲಿ ಕೆಲವರಿಗೆ ಈ ಸಹವಾಸ ಹಿಡಿಸಲಿಲ್ಲ. ನಿರ್ದೇಶಕ ಮಾಲ್ಕಂ ಆರ್ನಲ್ಡ್ ಮಾತ್ರ ಹುಡುಗರ ಬೆನ್ನಿಗೆ ನಿಂತರು. ಕಚೇರಿ ಗೆದ್ದಿತು. ಆದರೆ ೧೯೭೦ರಲ್ಲಿ ಆ ಕೃತಿಯ ಸ್ವರಲಿಪಿ ಎಲ್ಲೋ ಕಳೆದುಹೋಯಿತು! ಹಾಲೆಂಡಿನ ಮಾರ್ಕೊ ಡಿ ಖುಯಿ ಎಂಬ ಯುವಕ ಹಳೆಯ ಧ್ವನಿಮುದ್ರಣವನ್ನು ಕೇಳಿ ಕೇಳಿ, ಚಿತ್ರವನ್ನು ನೋಡಿ ನೋಡಿ, ಲಾರ್ಡರ ಸಹಾಯದಿಂದ ಒಂದೊಂದೇ ಸ್ವರವನ್ನು ಮತ್ತೆ ಬರೆದರು. ೧೯೯೯ರ ಸೆಪ್ಟೆಂಬರಿನಲ್ಲಿ ಅದೇ ಮಂದಿರದಲ್ಲಿ ಕೃತಿ ಪುನಃ ಮೊಳಗಿತು. ಕೇಳಿದ್ದನ್ನು ಬರೆದಿಳಿಸುವ ಇಂಥ ಕಿವಿ ಒಂದು ದಿನದಲ್ಲಿ ಬರುವುದಿಲ್ಲ. ಎಳೆವಯಸ್ಸಿನಲ್ಲಿ ಯಾರಾದರೂ ಕಲಿಸಿರಬೇಕು.

ಈಗ ನಮ್ಮ ಕಥಾನಾಯಕರ ಬಳಿಗೆ ಬರೋಣ. ಅವರ ಹೆಸರು ಮೈಕೆಲ್ ಕೇಮನ್. ಹುಟ್ಟಿದ್ದು ೧೯೪೮ರಲ್ಲಿ, ನ್ಯೂಯಾರ್ಕ್ ನಗರದಲ್ಲಿ. ಆ ನಗರದ ಮೇಯರ್ ಆಗಿದ್ದ ಲಾಗ್ವಾರ್ಡಿಯ ಎಂಬುವರು ೧೯೩೬ರಲ್ಲಿ, ಸಂಗೀತ ಮತ್ತು ಚಿತ್ರಕಲೆಗಳಲ್ಲಿ ಒಲವುಳ್ಳ ಮಕ್ಕಳಿಗಾಗಿ ಒಂದು ಸರ್ಕಾರಿ ಪ್ರೌಢಶಾಲೆಯನ್ನು ತೆರೆದಿದ್ದರು. ಕೇಮನ್ ಓದಿದ್ದು ಅಲ್ಲಿಯೇ. ಮುಂದೆ ಜೂಲಿಯರ್ಡ್ ಸಂಗೀತ ವಿದ್ಯಾಲಯದಲ್ಲಿ ಓಬೊ ಎಂಬ ವಾದ್ಯವನ್ನು ಅಭ್ಯಾಸ ಮಾಡಿದರು. ನಮ್ಮ ಓಲಗದಂತೆ ಎರಡು ಪದರದ ಜೀವಾಳವಿಟ್ಟು ಊದುವ ವಾದ್ಯವದು. ಗೆಳೆಯರ ಜೊತೆ ಅವರು ಒಂದು ತಂಡ ಕಟ್ಟಿ, ಶಾಸ್ತ್ರೀಯ ವಾದ್ಯಗಾರರ ಕರಿ ಕೋಟು ತೊಟ್ಟು, ಒಂದು ಗಳಿಗೆ ಶಾಸ್ತ್ರೀಯವನ್ನೂ ಮರುಗಳಿಗೆ ರಾಕ್ ಸಂಗೀತವನ್ನೂ ನುಡಿಸತೊಡಗಿದರು. ಲೆನರ್ಡ್ ಬರ್ನ್‌ಸ್ಟೈನ್ ಎಂಬ ಮಹಾನ್ ನಿರ್ದೇಶಕರು ಮಕ್ಕಳಿಗೆ ಸಂಗೀತದ ಮರ್ಮವನ್ನು ತಿಳಿಸಲು ಟೆಲಿವಿಷನ್ನಿನಲ್ಲಿ ಕಚೇರಿಗಳನ್ನು ನಡೆಸುತ್ತಿದ್ದರು. ೧೯೬೯ರಲ್ಲಿ, ಬಾಖ್ ಎಂಬ ಪೂರ್ವಸೂರಿಯ ಸಂಗೀತವನ್ನು ಕುರಿತ ಒಂದು ಕಾರ್ಯಕ್ರಮಕ್ಕೆ ಅವರು ಈ ಹುಡುಗರ ತಂಡವನ್ನೇ ಕರೆದರು.

ಅಲ್ಲಿಂದ ಮುಂದೆ ಕೇಮನ್ ಎರಡು ಊರಿನ ನಡುವಣ ಸೇತುವೆಯಾದರು. ೧೯೭೯ರ ಪಿಂಕ್ ಫ್ಲಾಯ್ಡ್ ತಂಡದ 'ದಿ ವಾಲ್' ಧ್ವನಿಮುದ್ರಿಕೆಗೆ ವಾದ್ಯವೃಂದದ ಭಾಗಗಳನ್ನು ಹೊಂದಿಸಿದರು. ೧೯೯೦ರಲ್ಲಿ ಎರಿಕ್ ಕ್ಲಾಪ್ಟನ್ ಅವರಿಗಾಗಿ ವಿದ್ಯುತ್ ಗಿಟಾರು ಮತ್ತು ವಾದ್ಯವೃಂದ ಕೂಡಿ ನುಡಿಸುವ ಒಂದು ಕೃತಿಯನ್ನೇ ರಚಿಸಿದರು. ಚಲನಚಿತ್ರಗಳಿಗೂ ಸಂಗೀತ ಕೊಟ್ಟು ಹೆಸರು ಮಾಡಿದರು.

ಅಷ್ಟರೊಳಗೆ ಅವರ ದೇಶದ ಶಾಲೆಗಳಲ್ಲಿ ಬೇರೊಂದು ಕಥೆ ನಡೆದಿತ್ತು. ೧೯೭೫ರಲ್ಲಿ ನ್ಯೂಯಾರ್ಕ್ ನಗರಸಭೆ ದಿವಾಳಿಯ ಅಂಚಿಗೆ ಬಂತು. ಸಾವಿರಾರು ಉಪಾಧ್ಯಾಯರ ಕೆಲಸ ಹೋಯಿತು. ಅವರಲ್ಲಿ ಸಂಗೀತ, ಚಿತ್ರಕಲೆಗಳ ಉಪಾಧ್ಯಾಯರು ಬಹಳ. ೧೯೭೮ರಲ್ಲಿ ಕ್ಯಾಲಿಫೋರ್ನಿಯ ಸಂಸ್ಥಾನದ ಮತದಾರರು ಮನೆ ಜಮೀನುಗಳ ತೆರಿಗೆಗೆ ಕಡಿವಾಣ ಹಾಕಿದರು. ತೆರಿಗೆ ಇಳಿದಾಗ ಮನೆಯೊಡೆಯರು ಹಿಗ್ಗಿದರು. ಆದರೆ ಶಾಲೆಗಳು ಬದುಕಿದ್ದು ಆ ತೆರಿಗೆಯಿಂದಲೇ. ಲೆಕ್ಕದ ಪುಸ್ತಕದೊಡನೆ ದಿನ ಕಳೆಯುವ ನನ್ನಂಥವರಿಗೆ ಮುಂದಿನದನ್ನು ಯಾರೂ ಹೇಳಬೇಕಾಗಿಲ್ಲ. ವೆಚ್ಚ ಇಳಿಸಿರೆಂದು ಅಪ್ಪಣೆಯಾದಾಗ ಗಣಿತದ ಮೇಷ್ಟರ ಹೆಸರಿನ ಮೇಲೆ ಯಾರೂ ಗೆರೆ ಎಳೆಯುವುದಿಲ್ಲ. ಪಿಟೀಲು ಮೇಷ್ಟರ ಹೆಸರಿನ ಮೇಲೆ ಎಳೆಯುತ್ತಾರೆ. ಅದರ ನಷ್ಟ ಆ ವರ್ಷದ ಜಮಾಖರ್ಚಿನಲ್ಲಿ ಕಾಣುವುದಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ, ನುಡಿಸಬಲ್ಲವರೂ ಕೇಳಬಲ್ಲವರೂ ಇಲ್ಲದಾಗ ಕಾಣುತ್ತದೆ.

೧೯೯೫ರಲ್ಲಿ 'ಮಿಸ್ಟರ್ ಹಾಲೆಂಡ್ಸ್ ಓಪಸ್' ಎಂಬ ಚಲನಚಿತ್ರ ಬಂತು. ದೊಡ್ಡ ಕೃತಿಯೊಂದನ್ನು ರಚಿಸಬೇಕೆಂಬ ಕನಸಿಟ್ಟುಕೊಂಡ ಒಬ್ಬಾತ ಹೊಟ್ಟೆಪಾಡಿಗೆಂದು ಶಾಲೆಯ ಸಂಗೀತದ ಮೇಷ್ಟರಾಗಿ, ಮೂವತ್ತು ವರ್ಷ ಅಲ್ಲೇ ಸವೆಯುತ್ತಾನೆ. ಕಡೆಗೆ ಹಣವಿಲ್ಲವೆಂದು ಶಾಲೆ ಸಂಗೀತದ ತರಗತಿಯನ್ನೇ ಮುಚ್ಚುತ್ತದೆ. ಅವನ ಹಳೆಯ ಶಿಷ್ಯರೆಲ್ಲ ಕೂಡಿ ಅವನು ರಚಿಸಿದ ಕೃತಿಯನ್ನು ಅವನ ಮುಂದೆಯೇ ನುಡಿಸುತ್ತಾರೆ. ಈ ಚಿತ್ರಕ್ಕೆ ಸಂಗೀತ ಕೊಟ್ಟವರು ಕೇಮನ್. ಚಿತ್ರ ಮುಗಿಯಿತು, ಸಂಭಾವನೆ ಬಂತು ಎಂದು ಅವರು ಸುಮ್ಮನಾಗಲಿಲ್ಲ. ೧೯೯೬ರಲ್ಲಿ ಅದೇ ಹೆಸರಿನ ಒಂದು ಪ್ರತಿಷ್ಠಾನವನ್ನು ಕಟ್ಟಿದರು. ಅದರ ಕೆಲಸ ಸರಳ: ಹಣವಿಲ್ಲದ ಶಾಲೆಗಳಿಗೆ ವಾದ್ಯಗಳನ್ನು ಕೊಡುವುದು. ಹೊಸ ವಾದ್ಯಗಳ ಜೊತೆಗೆ ರಿಪೇರಿ ಮಾಡಿಸಿದ ಹಳೆಯ ವಾದ್ಯಗಳನ್ನೂ ಅದು ಶಾಲೆಗಳಿಗೆ ತಲುಪಿಸಿತು. ಮರುವರ್ಷ, ೧೯೯೭ರಲ್ಲಿ, ವಿ.ಎಚ್.೧ ಎಂಬ ಸಂಗೀತದ ಟೆಲಿವಿಷನ್ ಸಂಸ್ಥೆಯೂ ಇದೇ ಉದ್ದೇಶದ ಇನ್ನೊಂದು ನಿಧಿಯನ್ನು ಆರಂಭಿಸಿತು. ೧೯೯೯ರ ಅಕ್ಟೋಬರಿನಲ್ಲಿ ಅದರ ಪರವಾಗಿ ಅಮೆರಿಕದ ಅಧ್ಯಕ್ಷರ ಶ್ವೇತಭವನದ ಅಂಗಳದಲ್ಲಿಯೇ ಕ್ಲಾಪ್ಟನ್, ಬಿ. ಬಿ. ಕಿಂಗ್ ಮೊದಲಾದವರು ಹಾಡಿ ನುಡಿಸಿದರು.

ಅದೇ ವರ್ಷದ ಏಪ್ರಿಲ್ ೨೧ ಮತ್ತು ೨೨ರಂದು ಕ್ಯಾಲಿಫೋರ್ನಿಯದ ಬರ್ಕ್‌ಲಿ ಪಟ್ಟಣದಲ್ಲಿ ಮೆಟಾಲಿಕ ಎಂಬ ಅತಿ ಗಡುಸು ಸಂಗೀತದ ತಂಡವನ್ನೂ, ೧೯೧೧ರಷ್ಟು ಹಿಂದೆ ಸ್ಥಾಪಿತವಾದ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿ ವಾದ್ಯವೃಂದವನ್ನೂ ಕೇಮನ್ ಒಂದುಗೂಡಿಸಿದರು. ಗಿಟಾರಿನ ಗರ್ಜನೆಯ ನಡುವೆ ಪಿಟೀಲಿನ ದನಿ ಮುಳುಗದಂತೆ ಸ್ವರ ಹೊಂದಿಸುವುದೇನು ಸುಲಭವೇ? ಆ ಕಚೇರಿಯ ಧ್ವನಿಮುದ್ರಿಕೆ ಲೋಕವೆಲ್ಲ ಹರಡಿತು. ಇಲ್ಲಿ ಗಮನಿಸತಕ್ಕದ್ದು ಇನ್ನೊಂದಿದೆ. ಅದು ನಡೆದ ರಂಗಮಂದಿರ ಇರುವುದು ಒಂದು ಸರ್ಕಾರಿ ಪ್ರೌಢಶಾಲೆಯ ಆವರಣದಲ್ಲಿ. ಶಾಲೆಯ ಮಕ್ಕಳಿಗಾಗಿ ಅಷ್ಟು ದೊಡ್ಡ ರಂಗಮಂದಿರ ಕಟ್ಟಿದ ಕಾಲವೊಂದಿತ್ತು. ಅದೇ ಸಂಸ್ಥಾನದಲ್ಲಿ ಮಕ್ಕಳ ಕೈಯ ಕೊಳಲಿಗೆ ಹಣವಿಲ್ಲವೆಂಬ ಕಾಲವೂ ಬಂತು. ಇದೇ ಮೆಟಾಲಿಕ ತಂಡ ೨೦೧೧ರ ಅಕ್ಟೋಬರ್ ೩೦ರಂದು ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಕನ್ನಡ ನಾಡಿನ ಎಷ್ಟೋ ಹುಡುಗರು ರಾಜ್ಯೋತ್ಸವಕ್ಕೆ ಎರಡು ದಿನ ಮುಂಚೆ ಅಲ್ಲಿ ಕುಣಿದು ಬಂದರು.

ಕೇಮನ್ ಅವರ ಕೊನೆಯ ದೊಡ್ಡ ಕಚೇರಿಗಳಲ್ಲೊಂದು ನಮಗೆ ಇನ್ನೂ ಹತ್ತಿರದ್ದು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ತೀರಿಕೊಂಡು ಒಂದು ವರ್ಷ ತುಂಬಿದ ದಿನ, ಅಂದರೆ ೨೦೦೨ರ ನವೆಂಬರ್ ೨೯ರಂದು, ಆಲ್ಬರ್ಟ್ ಹಾಲಿನಲ್ಲಿ ಸ್ಮರಣೆಯ ಕಚೇರಿಯಾಯಿತು. ಪಂಡಿತ ರವಿಶಂಕರರು ತಮ್ಮ ಶಿಷ್ಯನೂ ಗೆಳೆಯನೂ ಆಗಿದ್ದ ಹ್ಯಾರಿಸನ್ನರಿಗಾಗಿ 'ಅರ್ಪಣ್' ಎಂಬ ಕೃತಿಯನ್ನು ರಚಿಸಿದ್ದರು. ಮಗಳು ಅನೌಷ್ಕಾ ಅದನ್ನು ನಡೆಸಿದರು. ನಮ್ಮ ದೇಶದ ವಾದ್ಯಗಾರರ ಜೊತೆಗೆ ಪಾಶ್ಚಾತ್ಯ ತಂತಿವಾದ್ಯಗಳ ವೃಂದ ಕುಳಿತಿತ್ತು. ಆ ವೃಂದದ ಹೊಣೆ ಕೇಮನ್ ಅವರದು. ಮರುವರ್ಷ ನವೆಂಬರ್ ೧೮ರಂದು, ೫೫ರ ವಯಸ್ಸಿನಲ್ಲಿ, ಹೃದಯಾಘಾತದಿಂದ ಅವರು ತೀರಿಕೊಂಡರು. ಪ್ರತಿಷ್ಠಾನ ಅವರೊಡನೆ ಮುಗಿಯಲಿಲ್ಲ. ವಾದ್ಯ ಹಂಚುವ ಕೆಲಸ ಮುಂದುವರಿಯಿತು.

ಮಕ್ಕಳ ಕೈಗೆ ವಾದ್ಯ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಹೇಳಿ ಮುಗಿಸುತ್ತೇನೆ. ದಕ್ಷಿಣ ಅಮೆರಿಕದ ವೆನೆಜುವೆಲದಲ್ಲಿ ಹೊಸೆ ಅಂಟೋನಿಯೊ ಅಬ್ರೆಯು ಎಂಬುವರು ೧೯೭೫ರಲ್ಲಿ ಬಡಮಕ್ಕಳಿಗೆ ವಾದ್ಯ ಕಲಿಸುವ ವ್ಯವಸ್ಥೆಯೊಂದನ್ನು ಆರಂಭಿಸಿದರು. ಅಬ್ರೆಯು ಅರ್ಥಶಾಸ್ತ್ರ ಓದಿದವರು ಎಂಬುದನ್ನು ವಾಣಿಜ್ಯ ಓದಿದ ನಾನು ಸ್ವಲ್ಪ ಅಭಿಮಾನದಿಂದಲೇ ಬರೆಯುತ್ತಿದ್ದೇನೆ. ಆ ಗರಡಿಯಲ್ಲಿ ಬೆಳೆದ ಗುಸ್ಟಾವೊ ಡುಡಮೆಲ್ ಮುಂದೆ ಲಾಸ್ ಏಂಜಲೀಸ್ ವಾದ್ಯವೃಂದದ ನಿರ್ದೇಶಕರಾದರು. ೨೦೦೭ರಲ್ಲಿ ಆ ನಗರದಲ್ಲೂ ಅಂಥದೇ ಮಕ್ಕಳ ವೃಂದ ಹುಟ್ಟಿತು. ೨೦೧೬ರ ಫೆಬ್ರವರಿ ೭ರಂದು, ಅಮೆರಿಕದ ಫುಟ್‌ಬಾಲಿನ ಅತಿ ದೊಡ್ಡ ಪಂದ್ಯದ ಬಿಡುವಿನಲ್ಲಿ, ಕೋಲ್ಡ್‌ಪ್ಲೇ ಎಂಬ ರಾಕ್ ತಂಡದ ಜೊತೆಗೆ ಆ ಮಕ್ಕಳು ಪಿಟೀಲು ಹಿಡಿದು ಕುಣಿಯುತ್ತ ನುಡಿಸಿದರು. ಕೋಟ್ಯಂತರ ಜನ ಅದನ್ನು ಕಂಡರು.

ಲೆಕ್ಕದ ಮಾತೊಂದಿದೆ. ಶಾಲೆಗೆ ಕೊಂಡ ವಾದ್ಯವನ್ನು ನಾವು ಖರ್ಚೆಂದು ಬರೆಯುತ್ತೇವೆ. ಅದು ಆಸ್ತಿ. ಈ ವರ್ಷ ಒಂದು ಮಗು ಕಲಿತು ಮುಂದೆ ಹೋದರೆ, ಬರುವ ವರ್ಷ ಅದೇ ವಾದ್ಯದ ಮೇಲೆ ಇನ್ನೊಂದು ಮಗು ಕಲಿಯುತ್ತದೆ. ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಮಾತ್ರ ಅದು ನಷ್ಟ.

ಹೊರನಾಡಿನ ಕನ್ನಡಿಗರಾದ ನಮ್ಮ ಸಂಘಗಳ ಬೀರುಗಳಲ್ಲಿ ಏನಿದೆ? ಅನೇಕ ಕಡೆ ಒಂದು ಹಾರ್ಮೋನಿಯಂ, ಒಂದು ಜೊತೆ ತಬಲ, ಎಲ್ಲೋ ಒಂದು ತಂಬೂರಿ. ಯಾರೋ ಹಿರಿಯರು ಕೊಟ್ಟದ್ದು. ನವೆಂಬರ್ ಬಂದಾಗ ಧೂಳು ಒರೆಸಿ ಹೊರಗೆ ತೆಗೆಯುತ್ತೇವೆ. ನಾಡಗೀತೆ ಮುಗಿದ ಮೇಲೆ ಪುನಃ ಒಳಗಿಡುತ್ತೇವೆ. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಕನ್ನಡ ಅಕ್ಷರಗಳನ್ನು ಬಲ್ಲವರಲ್ಲ. ಶಾಲೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಒಂದು ಭಾಷೆ. ಆದರೆ ಅಕ್ಷರ ಬಾರದ ಮಗುವೂ ದಾಸರ ಪದವನ್ನು ಹಾಡಬಲ್ಲದು. ಹಾಡಿದ ಮಾತಿನ ಅರ್ಥವೇನು ಎಂದು ಅಜ್ಜಿಯನ್ನು ಕೇಳಬಲ್ಲದು. ಭಾಷೆ ಮನೆಯಲ್ಲಿ ಉಳಿಯುವುದಕ್ಕೆ ಇದಕ್ಕಿಂತ ಸುಲಭದ ದಾರಿ ನನಗೆ ತೋರದು.

ಒಡೆಯರಂತೆ ಸಾವಿರಾರು ಪೌಂಡು ಕೊಡಲು ನಮ್ಮಿಂದ ಆಗದು. ಕೇಮನ್ ಅವರಂತೆ ಪ್ರತಿಷ್ಠಾನ ಕಟ್ಟಲೂ ಆಗದು. ಭಾನುವಾರ ಬೆಳಿಗ್ಗೆ ಒಂದು ಗಂಟೆಯ ಹೊತ್ತು ಆ ಬೀರುವಿನ ಬೀಗ ತೆಗೆದು, ಬಲ್ಲವರೊಬ್ಬರನ್ನು ಕೂರಿಸಿ, ಹತ್ತು ಮಕ್ಕಳನ್ನು ಸುತ್ತ ಕೂರಿಸುವುದು ಆದೀತು. ಅವರು ಮನೆಗೆ ಹೋಗಿ ಗಿಟಾರಿನಲ್ಲಿ ರಾಕ್ ನುಡಿಸಿದರೂ ನುಡಿಸಲಿ. ಸಂಘದ ಪದಾಧಿಕಾರಿಗಳು ಈ ಸಣ್ಣ ಬಿನ್ನಹವನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಪರಿಶೀಲಿಸಬೇಕೆಂದು ಪ್ರಾರ್ಥಿಸಿ, ಎಲ್ಲ ಕನ್ನಡ ಬಂಧುಗಳಿಗೂ ರಾಜ್ಯೋತ್ಸವದ ಶುಭಾಶಯಗಳನ್ನು ಕೋರುತ್ತೇನೆ.