ಸಿಕ್ಕಿದ ಫೈಲು, ಸಿಗದ ಕನ್ನಡ

ಕೊರಟಗೆರೆಯ ಒಂದು ಹಳೇ ಡಿಟಿಪಿ ಅಂಗಡಿ ಅಂದ್ಕೊಳ್ಳಿ. ಕೆಟ್ಟು ಕೂತ ಕಂಪ್ಯೂಟರ್. ಹಾರ್ಡ್ ಡಿಸ್ಕಿನಲ್ಲಿ ಶಾಲೆಯ ಸ್ಮರಣ ಸಂಚಿಕೆ, ಸಿದ್ಧರಬೆಟ್ಟದ ಬಗ್ಗೆ ಯಾರೋ ಹಿರಿಯರು ಟೈಪ್ ಮಾಡಿಸಿದ ಪುಸ್ತಕ. ರಿಕವರಿ ಮಾಡಿಸಿದ್ರೆ ಫೈಲುಗಳು ವಾಪಸ್ ಬರಬಹುದು, ಆದರೆ ಎಷ್ಟೋ ಸಲ ಹೆಸರು ಹೋಗಿ ಬರೀ ನಂಬರ್ ಉಳಿದಿರುತ್ತೆ. ಸರಿ, ಒಳಗೆ 'ಕೊರಟಗೆರೆ' ಅಂತ ಹುಡುಕಿದ್ರೆ? ಒಂದೂ ಸಿಗಲ್ಲ.

ಯಾಕಂದ್ರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ. 1991ರ ಯೂನಿಕೋಡ್‌ನಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೂ ನಮ್ಮ ಅಂಗಡಿ, ಕಚೇರಿಗಳಲ್ಲಿ ವರ್ಷಗಟ್ಟಲೆ ನಡೆದದ್ದು 1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಹಳೇ ನುಡಿ ನಮ್ಮ ಅಕ್ಷರಗಳನ್ನ ಚೂರು ಮಾಡಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಇಡ್ತಿತ್ತು. 'ಕ' ಅಂದ್ರೆ ಒಂದು 'ಪಿ', ಅದರ ತಲೆಕಟ್ಟಿಗೆ ಮೇಲೆ ಗೀಟಿರೋ ಒಂದು 'ಎ'. ಫಾಂಟ್ ಇದ್ರೆ ಕನ್ನಡ, ಇಲ್ದಿದ್ರೆ ಬರೀ ಗೋಜಲು.

ಪರಿವರ್ತಕ ತಂತ್ರಾಂಶಗಳಿವೆ, ಪಾಪ, ಅವುಗಳ ಕಷ್ಟ ಅರ್ಕಾವತ್ತಿನ ಹತ್ತಿರ ಗೊತ್ತಾಗುತ್ತೆ. ನುಡಿಯಲ್ಲಿ ಅದು ಕಣ್ಣಿಗೆ ಕಾಣೋ ಹಾಗೆ ಕೊನೆಗೆ, ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳೋ ಹಾಗೆ ಮೊದಲು. ಎತ್ತಿ ಕೂರಿಸ್ಬೇಕು.

ಹಾಗಾಗಿ ಡಿಸ್ಕ್ ರಿಪೇರಿಗೆ ಕೊಡೋವಾಗ ಫಾಂಟ್ ಯಾವುದು ಅಂತ ವಿಚಾರಿಸಿ ಬರೆದಿಟ್ಕೊಳ್ಳಿ. ಊರಿನ ಹೆಸರನ್ನ ಅದೇ ಫಾಂಟಿನ ಗೋಜಲಿಗೆ ಬದಲಾಯಿಸಿ ಹುಡುಕಿ ನೋಡಿ.