ಶಿರವೋ, ದಂಡವೋ: ಸೊಂಟದ ಕೀಲಿನ ಭಾಗಶಃ ಬದಲಾವಣೆಯಲ್ಲೊಂದು ತಾರತಮ್ಯವಿಚಾರ

ಮುಪ್ಪಿನಲ್ಲಿ ಕಾಲುಜಾರಿ ಬಿದ್ದವರ ತೊಡೆಮೂಳೆಯ ಕತ್ತು ಮುರಿದು ಸ್ಥಾನಪಲ್ಲಟ ಹೊಂದಿದಾಗ, ಆ ಕತ್ತನ್ನು ಬಳಸಿ ಮೇಲೇರುವ ಸೂಕ್ಷ್ಮ ರಕ್ತನಾಳಗಳು ಹರಿದು ಶಿರೋಭಾಗವು ಪೋಷಣೆ ಕಾಣದೆ ನಿರ್ಜೀವವಾಗುವ ಭಯವಿರುವುದರಿಂದ, ಮುರಿದುದನ್ನು ಕೂಡಿಸುವ ಗೋಜಿಗೆ ಹೋಗದೆ, ಶಿರವನ್ನು ತೆಗೆದು ಲೋಹದ ಶಿರವೊಂದನ್ನು ದಂಡಸಹಿತ ನೆಲೆಗೊಳಿಸಿ, ಸೊಂಟದ ಬಟ್ಟಲನ್ನು ಮಾತ್ರ ಇದ್ದಂತೆಯೇ ಉಳಿಸುವ ಶಸ್ತ್ರಕ್ರಿಯೆ ವೈದ್ಯಲೋಕದಲ್ಲಿ ರೂಢಮೂಲವಾಯಿತು. 1950ರ ದಶಕದಲ್ಲಿ ಪ್ರಚಾರಕ್ಕೆ ಬಂದ ಆಸ್ಟಿನ್ ಮೂರ್ ಹಾಗೂ ಥಾಂಪ್ಸನ್ ಸಾಧನಗಳು ಈ ಪರಂಪರೆಯ ಮೂಲಪುರುಷರೆನ್ನಬಹುದು.

ಇವುಗಳಲ್ಲಿ ಗಟ್ಟಿಲೋಹವು ಬಟ್ಟಲಿನ ಮೃದ್ವಸ್ಥಿಯನ್ನು ನೇರವಾಗಿ ಉಜ್ಜುವುದರಿಂದ ಕಾಲಕ್ರಮೇಣ ಸವೆತವೂ ನೋವೂ ತಲೆದೋರುವುದುಂಟು. ಇದರ ಪರಿಹಾರಾರ್ಥವಾಗಿ 1974ರಲ್ಲಿ ಬೇಟ್‌ಮನ್ ಮತ್ತು ಗಿಲಿಬರ್ಟಿ ಎಂಬವರು, ಪಾಲಿಎಥಿಲೀನ್ ಒಳಪದರವುಳ್ಳ ಲೋಹದ ಚಿಪ್ಪಿನೊಳಗೆ ಚಿಕ್ಕ ಶಿರವೊಂದು ತಿರುಗುವ ಬೈಪೋಲಾರ್ ವಿನ್ಯಾಸವನ್ನು ಬೇರೆಬೇರೆಯಾಗಿಯೇ ಮುಂದಿಟ್ಟರು. ಚಲನೆಯ ಹೆಚ್ಚಿನ ಪಾಲು ಒಳಗೀಲಿನಲ್ಲಿಯೇ ನಡೆದು ಬಟ್ಟಲಿಗೆ ವಿಶ್ರಾಂತಿ ದೊರೆಯುವುದೆಂಬ ಈ ಕಲ್ಪನೆ ಸುಂದರವಾದುದೇ. ಆದರೆ ಕ್ಷಕಿರಣ ಪರೀಕ್ಷೆಗಳಲ್ಲಿ ಅನೇಕರ ಒಳಗೀಲು ಕೆಲಕಾಲದಲ್ಲಿಯೇ ಬಿಗಿದು ಇಡೀ ಸಾಧನವು ಒಂಟಿಶಿರದಂತೆಯೇ ವರ್ತಿಸಿದುದು ಕಂಡುಬಂದಿದೆ. ಆರಂಭದ ವರ್ಷಗಳಲ್ಲಿ ಸವೆತ ತುಸು ಕಡಿಮೆಯೆಂದು ಕೆಲವು ಅಧ್ಯಯನಗಳು ಹೇಳಿದರೂ, ನಡಿಗೆಯಲ್ಲಾಗಲಿ ನೋವಿನಲ್ಲಾಗಲಿ ಗಣನೀಯವಾದ ಅಂತರ ಸಿದ್ಧಪಟ್ಟಿಲ್ಲ. ಬೆಲೆಯಲ್ಲಿ ಮಾತ್ರ ಅಂತರ ಸುಸ್ಪಷ್ಟ!

ನಿಜವಾದ ತಾರತಮ್ಯವಿರುವುದು ಶಿರದಲ್ಲಲ್ಲ, ದಂಡವನ್ನು ಮೂಳೆಯೊಳಗೆ ಹಿಡಿದಿಡುವ ಬಗೆಯಲ್ಲಿ. ಟೊಳ್ಳಾದ ಮುದಿಮೂಳೆಯೊಳಕ್ಕೆ ಸಿಮೆಂಟಿಲ್ಲದೆ ಬಡಿದು ಕೂರಿಸಿದ ದಂಡವು ಸಡಿಲಗೊಂಡು ತೊಡೆನೋವನ್ನು ತರಬಹುದು. ಕೂರಿಸುವಾಗಲೇ ಮೂಳೆ ಸೀಳುವುದೂ ಉಂಟು. ದಂಡಗಳು ಸುಧಾರಿಸಿದ ಮೇಲೆ ಈ ಆಕ್ಷೇಪ ಹಳತಾಯಿತೆಂದು ವಾದಿಸುವವರಿದ್ದರು. 60 ವರ್ಷ ಮೀರಿದ 1,225 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯು, ಆಧುನಿಕವಾದ ಸಿಮೆಂಟುರಹಿತ ದಂಡವನ್ನೇ ಎದುರಿಗಿಟ್ಟು ನೋಡಿದಾಗಲೂ, ನಾಲ್ಕು ತಿಂಗಳ ಹೊತ್ತಿಗೆ ಸಿಮೆಂಟು ಹಾಕಿದವರ ಜೀವನಗುಣಮಟ್ಟವೇ ಮೇಲಾಗಿದ್ದುದನ್ನೂ, ಸಾಧನದ ಸುತ್ತಣ ಮೂಳೆಮುರಿತ ಅವರಲ್ಲಿ ಶೇಕಡಾ 0.5 ಆಗಿದ್ದರೆ ಇತರರಲ್ಲಿ 2.1 ಆಗಿದ್ದುದನ್ನೂ ತೋರಿಸಿತು. ಸಿಮೆಂಟನ್ನು ಒತ್ತಿ ತುಂಬುವಾಗ ಮಜ್ಜೆಯ ಕೊಬ್ಬು ರಕ್ತದೊಡನೆ ಶ್ವಾಸಕೋಶಕ್ಕೆ ಸೇರಿ ರಕ್ತದೊತ್ತಡ ದಿಢೀರನೆ ಕುಸಿಯುವ ಅಪಾಯ ಸುಳ್ಳಲ್ಲ. ಮೂಳೆಯ ಕೊಳವೆಯನ್ನು ಚೆನ್ನಾಗಿ ತೊಳೆದು, ಅರಿವಳಿಕೆ ತಜ್ಞರನ್ನು ಮುಂಚಿತವಾಗಿ ಎಚ್ಚರಿಸಿ, ಹೃದಯ ಹಾಗೂ ಶ್ವಾಸಕೋಶಗಳ ರೋಗವುಳ್ಳವರಲ್ಲಿ ವಿಶೇಷ ಜಾಗರೂಕತೆ ವಹಿಸಬೇಕಾದುದು ಇದರಿಂದಲೇ.

ಸ್ವತಂತ್ರವಾಗಿ ತಿರುಗಾಡುತ್ತಿದ್ದ ದೃಢಕಾಯರಿಗೆ ಸಂಪೂರ್ಣ ಕೀಲುಬದಲಾವಣೆಯನ್ನೂ ಆಲೋಚಿಸಬಹುದು. ಅದು ಬೇರೆಯೇ ಚರ್ಚೆ. ಮನೆಯೊಳಗಷ್ಟೇ ನಡೆದಾಡುವ ದುರ್ಬಲ ವೃದ್ಧರಿಗೆ ಸಿಮೆಂಟಿನಿಂದ ನೆಲೆಗೊಳಿಸಿದ ಒಂಟಿಶಿರದ ಸಾಧನವೇ ಸಾಕು; ಬೈಪೋಲಾರ್ ಶಿರಕ್ಕಾಗಿ ಅವರ ಮನೆಯವರಿಂದ ಅಧಿಕ ಹಣ ಕೇಳುವುದಕ್ಕೆ ಈಗಿರುವ ಸಾಕ್ಷ್ಯ ಆಧಾರವಾಗಲಾರದು.